ಗಾಡಿ ನಿಮ್ಮ ಮನೆ ಮುಂದೆ, ಹೆಸರು ಯಾರದ್ದು?

ಇವತ್ತು ರಾಜಕಾರಣಿಗಳನ್ನ ಸ್ವಲ್ಪ ಪಕ್ಕಕ್ಕೆ ಇಡೋಣ. ನಿಮ್ಮ ಮನೆ ಮುಂದೆ ನಿಂತಿರೋ ಗಾಡಿ ಬಗ್ಗೆ ಮಾತಾಡೋಣ. ಅಥವಾ ನಾಳೆ ನಿಲ್ಲಬೇಕು ಅಂತ ನೀವು ಕನಸು ಕಾಣ್ತಿರೋ ಗಾಡಿ ಬಗ್ಗೆ.

ರಾಯಚೂರು ಜಿಲ್ಲೆಯಲ್ಲಿ ಭತ್ತ, ಹತ್ತಿ ಮಾರಿದ ದುಡ್ಡು ಕೈಗೆ ಬಂದ ಕೂಡಲೇ ಮನೆಯಲ್ಲಿ ಒಂದು ಮಾತು ಶುರುವಾಗುತ್ತೆ. "ಒಂದು ಗಾಡಿ ತಗೊಂಡ್ರ ಹ್ಯಾಂಗ?" ಮಾನ್ವಿ ಇರಲಿ, ದೇವದುರ್ಗ ಇರಲಿ, ಬಾಗಲವಾಡದಂಥ ಹಳ್ಳಿ ಇರಲಿ, ಮಾತು ಇದೇ. ಆಸ್ಪತ್ರೆಗೆ ಅಂತ ರಾತ್ರಿ ಹೊತ್ತು ರಾಯಚೂರಿಗೆ ಹೋಗಬೇಕು, ಮಗಳ ಮನೆಗೆ ಹೋಗಿ ಬರಬೇಕು, ಮಂತ್ರಾಲಯಕ್ಕೆ ಹೋಗಬೇಕು. ಹೊಸ ಕಾರಿಗೆ ದುಡ್ಡು ಸಾಲಲ್ಲ. ಹೊಸ ಟ್ರ್ಯಾಕ್ಟರ್ ಅಂದರೆ ಸಾಲ ಮಾಡಬೇಕು. ಹಾಗಾಗಿ ಹಳೇ ಗಾಡಿ. ಇದರಲ್ಲಿ ತಪ್ಪೇನೂ ಇಲ್ಲ. ಹಳೇ ಗಾಡಿ ಕೊಳ್ಳೋದು ಜಾಣತನವೇ. ಹೊಸ ಗಾಡಿ ಶೋರೂಮ್‌ ಬಾಗಿಲು ದಾಟಿದ ದಿನವೇ ಬೆಲೆ ಇಳಿಯುತ್ತೆ. ಆ ನಷ್ಟ ಮೊದಲನೇ ಮಾಲೀಕ ತಿಂದಿರ್ತಾನೆ, ನೀವಲ್ಲ.

ತೊಂದರೆ ಇರೋದು ಗಾಡಿಯಲ್ಲಿ ಅಲ್ಲ ಸ್ವಾಮಿ. ಮಧ್ಯೆ ನಿಂತಿರೋ ಮನುಷ್ಯನಲ್ಲಿ.

ಬಾಗಲವಾಡ ಕಡೆಯ ರೈತರೊಬ್ಬರು ನಮ್ಮ ವಾಹಿನಿಗೆ ಫೋನ್ ಮಾಡಿದ್ದರು. ಹೆಸರು ಹೇಳಬೇಡಿ ಅಂದರು, ಹೇಳಲ್ಲ. ಅವರು ಕೊಂಡದ್ದು ತೆಲಂಗಾಣ ನಂಬರಿನ ಕಾರು. ವ್ಯಾಪಾರಿ ಹೇಳಿದ್ದು ಮೂರೇ ಮಾತು: "ಡಾಕ್ಟರ್ ಓಡ್ಸಿದ ಗಾಡಿ ಅದ. ಒಬ್ಬರ ಕೈಯಾಗ ಅದ. ಎನ್‌ಒಸಿ ಮುಂದಿನ ವಾರ ಬರ್ತದ." ಪೂರ್ತಿ ದುಡ್ಡು ಕೊಟ್ಟರು. ಮುಂದಿನ ವಾರ ಬರಲಿಲ್ಲ, ಮುಂದಿನ ತಿಂಗಳೂ ಬರಲಿಲ್ಲ. ವರ್ಷ ದಾಟಿದ ಮೇಲೆ ಬಂದವರು ಫೈನಾನ್ಸ್ ಕಂಪನಿಯವರು. ಮೊದಲ ಮಾಲೀಕ ಕಂತು ಕಟ್ಟೋದು ನಿಲ್ಲಿಸಿದ್ದ. ಆರ್‌ಸಿಯಲ್ಲಿ ಅವನದೇ ಹೆಸರು, ಅವನ ಹೆಸರಿನ ಪಕ್ಕ ಸಾಲ ಕೊಟ್ಟ ಕಂಪನಿಯ ಹೆಸರು. ನಮ್ಮ ರೈತರ ಹೆಸರು? ಎಲ್ಲೂ ಇಲ್ಲ. ಗಾಡಿ ಹೋಯ್ತು. ವ್ಯಾಪಾರಿಯ ಫೋನ್ ಸ್ವಿಚ್ ಆಫ್. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಹಾಗಾಯ್ತು.

ಈ ಕಥೆ ಕೇಳಿದವರು "ಅಯ್ಯೋ, ಗಾಡಿ ಸರಿಯಾಗಿ ನೋಡಿ ತಗೋಬೇಕಿತ್ತು" ಅಂದರು. ಆ ಮಾತೇ ತಪ್ಪು. ಗಾಡಿ ಚೆನ್ನಾಗೇ ಇತ್ತು. ಎಂಜಿನ್ ಚೆನ್ನಾಗಿತ್ತು, ಎಸಿ ತಣ್ಣಗಿತ್ತು, ಬಣ್ಣ ಹೊಳೀತಿತ್ತು. ಅವರು ನೋಡಬೇಕಾಗಿದ್ದು ಕಬ್ಬಿಣ ಅಲ್ಲ, ಕಾಗದ. ಹಳೇ ಗಾಡಿಯಲ್ಲಿ ನೀವು ಎರಡು ವಸ್ತು ಕೊಳ್ತೀರಿ. ಒಂದು ಕಬ್ಬಿಣ, ಇನ್ನೊಂದು ಹೆಸರು. ಮೋಸಗಾರ ವ್ಯಾಪಾರಿ ಎರಡರ ದುಡ್ಡು ತಗೊಂಡು ಒಂದನ್ನ ಮಾತ್ರ ಕೊಡ್ತಾನೆ.

ಕಾನೂನು ಏನು ಹೇಳುತ್ತೆ? 1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಂ ಬಹಳ ಸರಳವಾದ ಒಂದು ತತ್ವ ಹೇಳುತ್ತೆ. ಮಾರುವವನಿಗೆ ಎಷ್ಟು ಹಕ್ಕಿದೆಯೋ ಅಷ್ಟೇ ಹಕ್ಕು ಕೊಳ್ಳುವವನಿಗೆ ಬರುತ್ತೆ. ಕದ್ದ ಗಾಡಿಯನ್ನ ನೀವು ಪ್ರಾಮಾಣಿಕವಾಗಿ, ಪೂರ್ತಿ ಬೆಲೆ ಕೊಟ್ಟು ಕೊಂಡರೂ ಅದು ಸಾಮಾನ್ಯವಾಗಿ ನಿಮ್ಮದಾಗಲ್ಲ. ಸಾಲದ ಗಾಡಿ ಕೊಂಡರೆ ಸಾಲವೂ ಹಿಂದೆ ಬರುತ್ತೆ.

ಈಗ ಮಾರುವವರ ಕಡೆ ತಿರುಗೋಣ. ಅವರೂ ನಿಶ್ಚಿಂತೆಯಿಂದ ಇರೋ ಹಾಗಿಲ್ಲ. ನಮ್ಮಲ್ಲಿ ಒಂದು ಪದ್ಧತಿ ಇದೆ. ಗಾಡಿ ಮಾರುವಾಗ ಫಾರಂ 29, ಫಾರಂ 30 ಅಂತ ಎರಡು ಕಾಗದಕ್ಕೆ ಖಾಲಿ ಸಹಿ ಹಾಕಿ ದಲ್ಲಾಳಿ ಕೈಗೆ ಕೊಟ್ಟುಬಿಡೋದು. 29 ಅಂದರೆ ಮಾರಿದೆ ಅಂತ ಮಾಲೀಕ ಆರ್‌ಟಿಒಗೆ ಕೊಡೋ ತಿಳಿವಳಿಕೆ. 30 ಅಂದರೆ ಹೆಸರು ಬದಲಾವಣೆಗೆ ಹಾಕೋ ಅರ್ಜಿ. ಕೊಂಡವರ ಹೆಸರಿನ ಜಾಗ ಖಾಲಿ. ಆ ಖಾಲಿ ಕಾಗದದ ಜೊತೆ ಗಾಡಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಅಲ್ಲಿಂದ ಮತ್ತೊಬ್ಬರ ಕೈಗೆ ಹೋಗ್ತಾನೇ ಇರುತ್ತೆ. ಆರ್‌ಸಿಯಲ್ಲಿ ಮಾತ್ರ ಮೊದಲನೆಯವನ ಹೆಸರು.

ಇದರ ಪರಿಣಾಮ ಏನು ಅನ್ನೋದಕ್ಕೆ ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 6ರಂದು ಕೊಟ್ಟ ತೀರ್ಪು ಓದಬೇಕು. ಒಬ್ಬ ಮನುಷ್ಯ 2007ರಲ್ಲಿ ಕಾರು ಮಾರಿದೆ ಅಂತ ಹೇಳ್ದ. ಕಾರು ಕೈ ಬದಲಾಯಿಸ್ತಾ ಹೋಯ್ತು. 2009ರಲ್ಲಿ ಅಪಘಾತ ಆಯ್ತು. ಗಾಡಿಗೆ ವಿಮೆ ಇಲ್ಲ. ಪರಿಹಾರ ಯಾರು ಕೊಡಬೇಕು? ಕೊನೆಗೆ ಇಟ್ಟುಕೊಂಡವನಾ, ಮೊದಲು ಮಾರಿದವನಾ? ಅಪಘಾತದ ದಿನ ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅವನೇ ಹೊಣೆ ಅಂತ ಸುಪ್ರೀಂ ಕೋರ್ಟ್ ಹೇಳ್ತು. ಮೋಟಾರು ವಾಹನ ಕಾಯ್ದೆಯ 2(30)ನೇ ಕಲಂ ಮಾಲೀಕ ಅಂದರೆ ಯಾರು ಅಂತ ಹೇಳೋದೇ ಹಾಗೆ. ಗಾಯಾಳುವಿನ ಮನೆಯವರು ಆ ಕಾರು ಎಷ್ಟು ಕೈ ದಾಟಿದೆ ಅಂತ ಹುಡುಕ್ತಾ ಕೂರೋಕಾಗುತ್ತಾ? ಆಗಲ್ಲ.

ಅರ್ಥ ಆಯ್ತಲ್ಲ? ಕೊಂಡವನಿಗೆ ಹೆಸರಿಲ್ಲ ಅಂದರೆ ಗಾಡಿ ಹೋಗುತ್ತೆ. ಮಾರಿದವನ ಹೆಸರು ಉಳಿದರೆ ಹೊಲ ಹೋಗುತ್ತೆ. ಇಬ್ಬರ ಮಧ್ಯೆ ಕಮಿಷನ್ ತಗೊಂಡವನು ಮಾತ್ರ ಆರಾಮ.

ರಾಯಚೂರಿಗೆ ಇನ್ನೊಂದು ವಿಶೇಷ ತೊಂದರೆ ಇದೆ. ಅದು ಗಡಿ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ. ಆಚೆ ಹೋದರೆ ತೆಲಂಗಾಣದ ಗದ್ವಾಲ, ಈ ಕಡೆ ಹೋದರೆ ಆಂಧ್ರದ ಮಂತ್ರಾಲಯ, ಆದೋನಿ. ಮದುವೆ ಸಂಬಂಧ ಅಲ್ಲಿ, ವ್ಯಾಪಾರ ಸಂಬಂಧ ಅಲ್ಲಿ, ಹಾಗಾಗಿ ಗಾಡಿಗಳೂ ಅಲ್ಲಿಂದಲೇ. ಕೆಎ-36ರ ಜೊತೆ ಎಪಿ, ಟಿಎಸ್, ಟಿಜಿ ನಂಬರುಗಳು ಸಾಲಾಗಿ ನಿಂತಿರ್ತಾವೆ. ಹೊರ ರಾಜ್ಯದ ಗಾಡಿ ಕೊಳ್ಳಬಾರದು ಅಂತ ಯಾವ ಕಾನೂನೂ ಇಲ್ಲ. ಆದರೆ ಮೂರು ಮೆಟ್ಟಿಲು ಹತ್ತಬೇಕು.

ಮೊದಲನೇದು, ಅಲ್ಲಿನ ಆರ್‌ಟಿಒ ಕೊಡೋ ಎನ್‌ಒಸಿ. ಅದು ಫಾರಂ 28. ಸಾಲ ಇದ್ದಿದ್ದರೆ ಅದರ ಜೊತೆ ಫಾರಂ 35 ಮತ್ತು ಬ್ಯಾಂಕಿನ ಪತ್ರ, ಸಾಲ ತೀರಿದೆ ಅಂತ. ಎರಡನೇದು, ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಉಳಿದರೆ 47ನೇ ಕಲಂ ಪ್ರಕಾರ ಹೊಸ ನಂಬರ್ ಮಾಡಿಸಲೇಬೇಕು. ಮೂರನೇದು, ಕರ್ನಾಟಕದ ಜೀವಿತಾವಧಿ ತೆರಿಗೆ. ವ್ಯಾಪಾರಿ ಇದರ ಬಗ್ಗೆ ಬಾಯಿ ಬಿಡಲ್ಲ. ನಮ್ಮ ರಾಜ್ಯದಲ್ಲಿ ಈ ತೆರಿಗೆ ಜಾಸ್ತಿ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆಗೆ ತಕ್ಕಂತೆ ಶೇ 13ರಿಂದ 18ರವರೆಗೆ, ಅದರ ಮೇಲೆ ಸೆಸ್. ಹಳೇ ಗಾಡಿಗೆ ವಯಸ್ಸು ನೋಡಿ ಕಡಿಮೆ ಮಾಡ್ತಾರೆ, ನಿಜ. ಆದರೆ ಲೆಕ್ಕ ಹಾಕೋದು ಗಾಡಿ ಹೊಸದಿದ್ದಾಗಿನ ಬೆಲೆ ಮೇಲೆ, ನೀವು ಕೊಟ್ಟ ಬೆಲೆ ಮೇಲೆ ಅಲ್ಲ. ದೊಡ್ಡ ಕಾರಾದರೆ ಇದು ಲಕ್ಷ ದಾಟೋದು ಹೊಸದೇನಲ್ಲ. "ಇಲ್ಲಿಗಿಂತ ಒಂದು ಲಕ್ಷ ಕಡಿಮೆ ಅದ ರೀ" ಅಂತಾನಲ್ಲ, ಆ ಲಕ್ಷ ಎಲ್ಲಿ ಹೋಗುತ್ತೆ ಅಂತ ಈಗ ಗೊತ್ತಾಯ್ತಾ?

ದೆಹಲಿ ಗಾಡಿಗಳೂ ಹೀಗೇ ಬರ್ತಾವೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ನಿರ್ಬಂಧ ಹಾಕ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು. ಅಲ್ಲಿ ಬೆಲೆ ಬಿತ್ತು. ದೊಡ್ಡ ದೊಡ್ಡ ಗಾಡಿಗಳು ಅಗ್ಗಕ್ಕೆ ದಕ್ಷಿಣಕ್ಕೆ ಬಂದವು. ಗಾಡಿ ಚೆನ್ನಾಗೇ ಇರಬಹುದು. ಆದರೆ ಎನ್‌ಒಸಿ, ತೆರಿಗೆ, ಮುಗೀತಾ ಬಂದ ನೋಂದಣಿ ಅವಧಿ, ಇಷ್ಟನ್ನೂ ಕೂಡಿಸಿ ಬೆಲೆ ನೋಡಿ. ಸ್ವಂತ ಬಳಕೆ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತೆ, ಆಮೇಲೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಹದಿನಾಲ್ಕು ವರ್ಷದ ಗಾಡಿ ಕೊಂಡರೆ ಆ ಓಡಾಟವೂ ನಿಮ್ಮದೇ.

ಇದೆಲ್ಲ ಹಳ್ಳಿಯವರಿಗೆ ಮಾತ್ರ ಆಗೋ ಮೋಸ ಅಂದುಕೋಬೇಡಿ. ಕೋಟಿ ರೂಪಾಯಿಯವರಿಗೂ ಆಗುತ್ತೆ. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು 'ಆಪರೇಷನ್ ನುಮ್‌ಖೋರ್' ಅಂತ ದಾಳಿ ಮಾಡಿದರು. ಭೂತಾನ್ ಭಾಷೆಯಲ್ಲಿ ನುಮ್‌ಖೋರ್ ಅಂದರೆ ವಾಹನ. ಜಪಾನಿನ ಲ್ಯಾಂಡ್ ಕ್ರೂಸರ್ ಥರದ ದುಬಾರಿ ಗಾಡಿಗಳನ್ನ ಭೂತಾನ್ ಮೂಲಕ ಸುಂಕ ತಪ್ಪಿಸಿ ತಂದು, ನಕಲಿ ಕಾಗದದ ಮೇಲೆ ನೋಂದಣಿ ಮಾಡಿಸಿ ಮಾರಿದ್ದಾರೆ ಅನ್ನೋದು ಆರೋಪ. ಚಿತ್ರನಟರ ಮನೆಗಳಿಗೂ ಅಧಿಕಾರಿಗಳು ಹೋದರು, ಗಾಡಿಗಳನ್ನ ವಶಕ್ಕೆ ತಗೊಂಡರು.

ನಮ್ಮ ಹುಡುಗರು ಮೊಬೈಲ್‌ನಲ್ಲಿ ಜಪಾನಿನ ಹಳೇ ಸ್ಪೋರ್ಟ್ಸ್ ಕಾರುಗಳ ವಿಡಿಯೋ ನೋಡ್ತಾರೆ. ನಿಸ್ಸಾನ್ ಸ್ಕೈಲೈನ್, ಟೊಯೊಟಾ ಸುಪ್ರಾ, ಮಜ್ದಾ ಆರ್‌ಎಕ್ಸ್-7. ನೋಡಲಿ, ಚೆಂದ ಇದಾವೆ. ಆದರೆ ಯಾರಾದರೂ "ಇಂಪೋರ್ಟ್ ಗಾಡಿ ಅದ, ಅಗ್ಗಕ್ಕ ಕೊಡ್ತೀನಿ" ಅಂದರೆ ನಿಯಮ ತಿಳ್ಕೊಂಡಿರಿ. ಬಳಸಿದ ಕಾರನ್ನ ಭಾರತಕ್ಕೆ ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು, ಮುಂಬೈ ಬಂದರಿನ ಮೂಲಕವೇ ಬರಬೇಕು. ಮೇಲೆ ಕಾರಿನ ಬೆಲೆಗಿಂತ ಹೆಚ್ಚು ಸುಂಕ. ಹಾಗಾದರೆ ತೊಂಬತ್ತರ ದಶಕದ ಜಪಾನಿ ಕಾರು ನಿನ್ನೆ ಮೊನ್ನೆ ಬಂದಿದೆ ಅಂತ ಅಗ್ಗಕ್ಕೆ ಸಿಗ್ತಿದೆ ಅಂದರೆ? ಮೊದಲು ಕಸ್ಟಮ್ಸ್ ರಸೀದಿ ಕೇಳಿ. ಅಲ್ಲಿಗೆ ಮಾತು ಮುಗಿಯುತ್ತೆ.

ಸರಿ, ಕಾಗದ ಹ್ಯಾಗೆ ನೋಡೋದು? ಕಷ್ಟ ಇಲ್ಲ. ಎಂ-ಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹಾಕಿ. ನೋಂದಣಿ ಆದ ದಿನ, ಇಂಧನ, ವಿಮೆ ಎಲ್ಲಿಯವರೆಗೆ ಇದೆ ಅನ್ನೋದೆಲ್ಲ ಬರುತ್ತೆ. ದಂಡ ಬಾಕಿ ಇದೆಯಾ ಅಂತ ಇ-ಚಲನ್‌ನಲ್ಲಿ ನೋಡಿ. ಕಳವಿನ ಗಾಡಿಯಾ ಅಂತ ತಿಳಿಯೋಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 'ವಾಹನ್ ಸಮನ್ವಯ' ಇದೆ. ಆರ್‌ಸಿಯಲ್ಲಿರೋ ಚಾಸಿ ನಂಬರ್, ಎಂಜಿನ್ ನಂಬರ್ ಬರ್ಕೊಂಡು ಹೋಗಿ ಗಾಡಿ ಮೇಲೆ ಕೊರೆದಿರೋ ನಂಬರ್ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಆ ಜಾಗದಲ್ಲಿ ಉಜ್ಜಿದ ಗುರುತು, ವೆಲ್ಡಿಂಗ್, ಹೊಸ ಬಣ್ಣ ಕಂಡರೆ ಎದ್ದು ಬನ್ನಿ. ಚಹಾ ಕುಡಿಯೋಕೂ ನಿಲ್ಲಬೇಡಿ.

ಕಾಗದ ಸರಿ ಇದ್ದ ಮೇಲೆ ಕಬ್ಬಿಣ ನೋಡಿ. ಈಗಿನ ಮೀಟರ್ ಡಿಜಿಟಲ್, ಒಂದು ಸಣ್ಣ ಯಂತ್ರ ಹಚ್ಚಿ ಲಕ್ಷ ಕಿಲೋಮೀಟರನ್ನ ನಲವತ್ತು ಸಾವಿರ ಮಾಡ್ತಾರೆ. ಮೀಟರ್ ಸುಳ್ಳು ಹೇಳಬಹುದು, ಪೆಡಲ್ ರಬ್ಬರ್ ಹೇಳಲ್ಲ. ನಲವತ್ತು ಸಾವಿರ ಓಡಿದ ಗಾಡಿಯ ಬ್ರೇಕ್ ಪೆಡಲ್ ಯಾಕೆ ಸವೆದು ನುಣ್ಣಗಾಗಿದೆ? ಸ್ಟೀರಿಂಗ್ ಯಾಕೆ ಹೊಳೀತಿದೆ? ಕೇಳಿ. ಕಂಪನಿ ಸರ್ವೀಸ್ ಸೆಂಟರಿನಲ್ಲಿ ಹಳೇ ಲೆಕ್ಕ ಇರುತ್ತೆ, ಯಾವ ತಾರೀಕಿಗೆ ಎಷ್ಟು ಕಿಲೋಮೀಟರ್ ಅಂತ. ಮಾರುವವನನ್ನೇ ಜೊತೆ ಕರ್ಕೊಂಡು ಹೋಗಿ ಕೇಳಿ. ಬರಲ್ಲ ಅಂದರೆ ಅದೇ ಉತ್ತರ.

ಟೈರಿನ ಪಕ್ಕ ನಾಲ್ಕು ಅಂಕಿ ಇರುತ್ತೆ. 2319 ಅಂತ ಇದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಗಾಡಿ 2022ರದ್ದು ಅಂತಾನೆ, ಟೈರ್ 2019ರದ್ದು ಇದೆ ಅಂದರೆ ಏನೋ ಕೂಡಿ ಬರ್ತಿಲ್ಲ. ಬಾಡಿಗೆ ಓಡಿದ ಹಳದಿ ಬೋರ್ಡ್ ಗಾಡಿಯನ್ನ ಬಿಳಿ ಬೋರ್ಡ್ ಮಾಡಿ "ಮನಿ ಗಾಡಿ" ಅಂತ ಮಾರೋದೂ ಇದೆ. ಆರ್‌ಸಿ ಇತಿಹಾಸ ಕೇಳಿದರೆ ಅದು ಬಯಲಾಗುತ್ತೆ.

ನೆರೆ ನೀರಲ್ಲಿ ಮುಳುಗಿದ ಗಾಡಿ ಇನ್ನೊಂದು ಅಪಾಯ. ನೆರೆ ಅಂದರೆ ಏನು ಅಂತ ರಾಯಚೂರಿನವರಿಗೆ ನಾನು ಹೇಳಬೇಕಾಗಿಲ್ಲ, 2009ರಲ್ಲಿ ಕಣ್ಣಾರೆ ನೋಡಿದ್ದೀರಿ. 2015ರ ಚೆನ್ನೈ ಮಳೆ, 2022ರ ಬೆಂಗಳೂರು ಮಳೆ ನೆನಪಿದೆಯಲ್ಲ? ಅಂಥ ಮಳೆಯಲ್ಲಿ ಮುಳುಗಿದ ಗಾಡಿಗಳು ಹರಾಜಿಗೆ ಹೋಗ್ತಾವೆ. ಅಲ್ಲಿಂದ ತೊಳೆದು, ಒರೆಸಿ, ಸುಗಂಧ ಹೊಡೆದು ಮಾರುಕಟ್ಟೆಗೆ ಬರೋದುಂಟು. ಸೀಟ್ ಬೆಲ್ಟನ್ನ ಪೂರ್ತಿ ಕೊನೆವರೆಗೆ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತೆ. ಕಾಲಡಿಯ ಹಾಸು ಎತ್ತಿ, ಸೀಟಿನ ಕೆಳಗಿನ ಕಂಬಿ ನೋಡಿ. ತುಕ್ಕು, ಮಣ್ಣು, ಮುಗ್ಗುಲು ವಾಸನೆ ಇದ್ದರೆ ಬೇಡ. ಅಂಥ ಗಾಡಿಯ ವೈರಿಂಗ್ ಇವತ್ತಲ್ಲ ನಾಳೆ ಕೈಕೊಡುತ್ತೆ.

ಟ್ರ್ಯಾಕ್ಟರ್ ಕೊಳ್ಳುವವರಿಗೆ: ಅಲ್ಲಿ ಲೆಕ್ಕ ಕಿಲೋಮೀಟರ್ ಅಲ್ಲ, ತಾಸು. ತಾಸಿನ ಮೀಟರ್ ಕೆಟ್ಟಿದೆ ಅಂದರೆ ಸಂಶಯ ಇರಲಿ. ತಣ್ಣಗಿರೋ ಎಂಜಿನನ್ನ ನೀವೇ ಚಾಲೂ ಮಾಡಿ, ನೀವು ಹೋಗೋ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಮರುದಿನ ಬೆಳಿಗ್ಗೆ ಹೇಳದೆ ಹೋಗಿ. ಹಿಂದೆ ಭಾರ ಕಟ್ಟಿ ಹೈಡ್ರಾಲಿಕ್ ಎತ್ತಿಸಿ, ಸ್ವಲ್ಪ ಹೊತ್ತು ನಿಲ್ಲಿಸಿ, ತಾನಾಗಿ ಇಳೀತದಾ ನೋಡಿ. ಟ್ರಾಲಿಗೆ ಬೇರೆ ನೋಂದಣಿ ಇರುತ್ತೆ, ಅದರ ಕಾಗದವನ್ನೂ ಕೇಳಿ. ಮೆಕ್ಯಾನಿಕ್ ನಿಮ್ಮವನಾಗಿರಲಿ, ವ್ಯಾಪಾರಿ ತೋರಿಸಿದವನಲ್ಲ. ಅವನಿಗೆ ಸಾವಿರ ರೂಪಾಯಿ ಕೊಡೋಕೆ ಹಿಂದೆಮುಂದೆ ನೋಡಿ ಲಕ್ಷ ಕಳ್ಕೋಬೇಡಿ.

ಇನ್ನು ದುಡ್ಡು. ಮೋಸ ಆಗೋದೇ ಇಲ್ಲಿ. ಸಂಚಕಾರ ಸಣ್ಣದಿರಲಿ, ಕಾಗದದ ಮೇಲೆ ಬರೆಸಿ, ಯಾವ ದಿನದೊಳಗೆ ಯಾವ ಕಾಗದ ಕೊಡದಿದ್ದರೆ ವಾಪಸ್ ಅಂತ. ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ. ಸಾಲ ಬಾಕಿ ಇದ್ದರೆ ನಿಮ್ಮ ದುಡ್ಡು ನೇರ ಆ ಸಾಲದ ಖಾತೆಗೆ ಹೋಗಲಿ, ವ್ಯಾಪಾರಿ ಕೈಗಲ್ಲ. ಒಂದು ಭಾಗವನ್ನ ಹೆಸರು ಬದಲಾಗೋವರೆಗೆ ತಡೆಹಿಡೀರಿ. ಪ್ರಾಮಾಣಿಕ ವ್ಯಾಪಾರಿ ಇದಕ್ಕೆ ಒಪ್ತಾನೆ. "ನಮ್ಮ ಮ್ಯಾಲ ನಂಬಿಕೆ ಇಲ್ಲೇನ್ರಿ?" ಅಂತ ಯಾರಾದರೂ ಮುಖ ಕೆಂಪು ಮಾಡಿದರೆ, ನಂಬಿಕೆಗೂ ರಸೀದಿಗೂ ಜಗಳ ಇಲ್ಲ ಅಂತ ಹೇಳಿ.

ದಿನಗಳ ಲೆಕ್ಕ ನೆನಪಿಡಿ. ಗಾಡಿ ಇದೇ ರಾಜ್ಯದ್ದಾದರೆ ಮಾರಿದವರು ಹದಿನಾಲ್ಕು ದಿನದೊಳಗೆ, ಹೊರ ರಾಜ್ಯದ್ದಾದರೆ ನಲವತ್ತೈದು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರು ಮೂವತ್ತು ದಿನದೊಳಗೆ. ವಿಮೆ ನಿಮ್ಮ ಹೆಸರಿಗೆ ಮಾಡಿಸೋಕೆ ಹದಿನಾಲ್ಕು ದಿನ. ವಿಮೆ ಹೆಸರು ಬದಲಾಗದಿದ್ದರೆ ಎದುರಿನವರ ನಷ್ಟಕ್ಕೆ ರಕ್ಷಣೆ ಮುಂದುವರಿದರೂ ನಿಮ್ಮ ಸ್ವಂತ ಗಾಡಿಯ ನಷ್ಟಕ್ಕೆ ಕಂಪನಿ ಕೈ ಎತ್ತಬಹುದು.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ವ್ಯಾಪಾರ ಮಾಡೋರಿಗೂ ನಿಯಮ ಬಂದಿದೆ. ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೀಬೇಕು, ಅದು ಐದು ವರ್ಷಕ್ಕೆ. ಮಾಲೀಕ ಅಂಥ ಡೀಲರ್‌ಗೆ ಗಾಡಿ ಒಪ್ಪಿಸುವಾಗ ಫಾರಂ 29ಸಿಯಲ್ಲಿ ಆನ್‌ಲೈನ್ ಮೂಲಕ ತಿಳಿಸಬೇಕು. ಅಲ್ಲಿಂದ ಗಾಡಿಯ ಹೊಣೆ ಡೀಲರ್‌ದು. ಗಾಡಿ ಎಲ್ಲಿಗೆ ಹೋಯ್ತು, ಯಾಕೆ ಹೋಯ್ತು ಅಂತ ಅವನು ದಾಖಲೆ ಇಡಬೇಕು. ಎಷ್ಟು ಒಳ್ಳೇ ನಿಯಮ ನೋಡಿ. ಹಾಗಾದರೆ ಅಂಗಡಿಗೆ ಹೋದ ಕೂಡಲೇ ಮೊದಲ ಪ್ರಶ್ನೆ "ರೇಟ್ ಎಷ್ಟು" ಅಲ್ಲ. "ನಿಮ್ಮ ಅಧಿಕಾರ ಪತ್ರ ತೋರಿಸ್ರಿ."

ಸಾರಿಗೆ ಇಲಾಖೆಗೂ ನನ್ನದೊಂದು ಪ್ರಶ್ನೆ. ಅಧಿಕಾರ ಪತ್ರ ಇರೋ ಡೀಲರ್‌ಗಳ ಪಟ್ಟಿಯನ್ನ ಪ್ರತಿ ಆರ್‌ಟಿಒ ಕಚೇರಿಯ ಗೋಡೆ ಮೇಲೆ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಹಚ್ಚೋಕೆ ಎಷ್ಟು ಖರ್ಚಾಗುತ್ತೆ? ಒಂದು ಹಾಳೆ, ಒಂದು ಡಬ್ಬಿ ಗೋಂದು.

ಮೋಸ ಆಗಿಹೋಗಿದ್ದರೆ? ಸುಮ್ಮನೆ ಕೂರಬೇಡಿ. ವ್ಯಾಪಾರಿಯಿಂದ ಕೊಂಡಿದ್ದರೆ ನೀವು ಗ್ರಾಹಕರು. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ವಕೀಲರು ಕಡ್ಡಾಯವಲ್ಲ. ಸ್ವಂತ ಹೊಟ್ಟೆಪಾಡಿಗೆ ಓಡಿಸೋ ಟ್ರ್ಯಾಕ್ಟರ್, ಟಂಟಂ ಕೊಂಡವರಿಗೂ ಈ ಹಕ್ಕಿದೆ. ಸಲಹೆಗೆ 1915 ನಂಬರಿಗೆ ಫೋನ್ ಮಾಡಿ. ಸುಳ್ಳು ಕಾಗದ, ಕಳವಿನ ಗಾಡಿ ಅಂದರೆ ಅದು ಪೊಲೀಸ್ ಕೇಸು, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ, ವಂಚನೆ. ಆದರೆ ಎಲ್ಲ ಕಡೆ ಒಂದೇ ಪ್ರಶ್ನೆ ಬರುತ್ತೆ: "ರಸೀದಿ ಎಲ್ಲಿ?" ಅದಕ್ಕೇ ನಾನು ಇಷ್ಟು ಹೊತ್ತು ಕಾಗದ, ಕಾಗದ ಅಂತ ಬಡ್ಕೊಂಡಿದ್ದು.

ಗಾಡಿ ಮನೆಗೆ ಬಂದ ದಿನ ತೆಂಗಿನಕಾಯಿ ಒಡೀತೀರಿ, ನಿಂಬೆಹಣ್ಣು ಚಕ್ರದ ಕೆಳಗೆ ಇಡ್ತೀರಿ. ಮಾಡಿ, ಬೇಡ ಅನ್ನಲ್ಲ. ಆದರೆ ಆ ಪೂಜೆ ಆರ್‌ಸಿಯಲ್ಲಿ ನಿಮ್ಮ ಹೆಸರು ಬಂದ ದಿನ ಇಟ್ಕೊಳ್ಳಿ. ಅಲ್ಲಿವರೆಗೆ ನಿಮ್ಮ ಅಂಗಳದಲ್ಲಿ ನಿಂತಿರೋದು ನಿಮ್ಮ ದುಡ್ಡು, ಬೇರೆಯವರ ಗಾಡಿ.